ಕಾಲೇಜಿನ ಕ್ಲೈಂಬಿಂಗ್ ಕ್ಲಬ್‌ಗೆ ಅನುದಾನ ನಿಂತಾಗ

ಪ್ರಶ್ನೆ: ನಾನು ಬೆಂಗಳೂರಿನ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿನಿ, ಕಾಲೇಜಿನ ಕ್ಲೈಂಬಿಂಗ್ ಕ್ಲಬ್‌ನ ಕಾರ್ಯದರ್ಶಿಯೂ ಹೌದು. ಕ್ರೀಡಾ ಶುಲ್ಕದಿಂದ ಪ್ರತಿ ವರ್ಷ ನಮಗೆ ಬರುತ್ತಿದ್ದ ಹಣವನ್ನು ಆಡಳಿತ ಮಂಡಳಿ ಈ ವರ್ಷ ನಿಲ್ಲಿಸಿದೆ. ‘ಇದು ಅಪಾಯದ ಚಟುವಟಿಕೆ, ಉಪಯೋಗವಾಗುವುದು ಕೆಲವೇ ಮಕ್ಕಳಿಗೆ, ಪದಕವೂ ಬರುವುದಿಲ್ಲ’ ಎಂಬುದು ಅವರು ಕೊಟ್ಟ ಕಾರಣ. ಇದೇ ಹೊತ್ತಿಗೆ ಒಂದು ಟ್ರೆಕ್ಕಿಂಗ್ ಕಂಪನಿಯವರು, ‘ನಮ್ಮ ಪ್ರವಾಸಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸಿಕೊಡಿ, ಕ್ಲಬ್ಬನ್ನು ನಾವೇ ಉಚಿತವಾಗಿ ನಡೆಸುತ್ತೇವೆ’ ಎನ್ನುತ್ತಿದ್ದಾರೆ. ಇಂಥ ಕ್ಲಬ್ಬಿಗಾಗಿ ಹೋರಾಡುವುದರಲ್ಲಿ ಅರ್ಥವಿದೆಯೇ? ಇದ್ದರೆ ಹಣಕ್ಕೆ ಯಾರನ್ನು ಕೇಳಬೇಕು?

ಉತ್ತರ: ಖಂಡಿತ ಅರ್ಥವಿದೆ. ಆದರೆ ಹಣ ಕೇಳಲು ಹೊರಡುವ ಮೊದಲು, ನೀವು ಉಳಿಸಿಕೊಳ್ಳಬೇಕಾದದ್ದು ಏನು ಎಂಬುದು ನಿಮ್ಮ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಹೆಚ್ಚಿನ ಕ್ಲಬ್ಬುಗಳು ಮನವಿ ಪತ್ರದಲ್ಲಿ ಹಗ್ಗ, ಹಾರ್ನೆಸ್ (ಹತ್ತುವವರು ಸೊಂಟಕ್ಕೆ ಕಟ್ಟುವ ಪಟ್ಟಿ), ಬಸ್ಸಿನ ಬಾಡಿಗೆ ಎಂದು ಬರೆದು ಸುಮ್ಮನಾಗುತ್ತವೆ. ಇವೆಲ್ಲ ದುಡ್ಡಿದ್ದರೆ ಯಾವಾಗ ಬೇಕಾದರೂ ಸಿಗುತ್ತವೆ. ದುಡ್ಡು ಕೊಟ್ಟರೂ ಸಿಗದಿರುವುದು, ಮೊದಲ ವರ್ಷದ ಹುಡುಗಿಗೆ ಬಿಲೇ ಹಿಡಿಯುವುದನ್ನು, ಅಂದರೆ ಹತ್ತುವವರು ಬೀಳದಂತೆ ಕೆಳಗೆ ನಿಂತು ಹಗ್ಗ ಹಿಡಿದು ಕಾಯುವುದನ್ನು, ತಾಳ್ಮೆಯಿಂದ ಕಲಿಸುವ ನಾಲ್ಕನೆಯ ವರ್ಷದ ವಿದ್ಯಾರ್ಥಿ. ಅವನಿಗೆ ಅದನ್ನು ಕಲಿಸಿದವರು ಅವನ ಹಿರಿಯರು, ಅವರಿಗೆ ಅವರ ಹಿರಿಯರು. ಗರಡಿಮನೆಯಲ್ಲಿ ಪಟ್ಟುಗಳು ಹಿರಿಯ ಪೈಲ್ವಾನನಿಂದ ಕಿರಿಯನಿಗೆ ಮೈಯಿಂದ ಮೈಗೆ ದಾಟುವ ಹಾಗೆ ಕ್ಲೈಂಬಿಂಗ್ ವಿದ್ಯೆಯೂ ದಾಟುತ್ತದೆ. ಪದವಿಯ ಅವಧಿ ನಾಲ್ಕೇ ವರ್ಷವಾದ್ದರಿಂದ ಎರಡು ವರ್ಷ ಕ್ಲಬ್ ಮುಚ್ಚಿದರೆ ಈ ಪರಂಪರೆಯ ಅರ್ಧ ಭಾಗ ಹೋದಂತೆ. ಮೂರು ವರ್ಷ ಮುಚ್ಚಿದರೆ ಕಲಿಸಲು ಬಲ್ಲವರೇ ಉಳಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಚೆನ್ನಾಗಿ ನಡೆಯುತ್ತಿದ್ದ ಕ್ಲಬ್ಬುಗಳಲ್ಲಿ ಕೆಲವು, ತರಗತಿಗಳು ಪೂರ್ತಿ ಮರಳಿ ಶುರುವಾಗುವಷ್ಟರಲ್ಲಿ ಕಬ್ಬಿಣದ ಬೀರುವಿನೊಳಗಿನ ಸಾಮಾನಾಗಿ ಮಾತ್ರ ಉಳಿದಿದ್ದವು. ಬೀರುವಿನ ಕೀಲಿ ಇತ್ತು, ಒಳಗಿನ ಹಗ್ಗವನ್ನು ನಂಬಬಹುದೇ ಎಂದು ಹೇಳಬಲ್ಲವರು ಇರಲಿಲ್ಲ. ಆದ್ದರಿಂದ ನಿಮ್ಮ ಬೇಡಿಕೆ ಒಮ್ಮೆಗೆ ಬರುವ ದೊಡ್ಡ ಮೊತ್ತಕ್ಕಾಗಿ ಇರಬಾರದು. ಚಿಕ್ಕದಾದರೂ ಪ್ರತಿ ವರ್ಷ ತಪ್ಪದೆ ಬರುವ ಹಣವೇ ಕ್ಲಬ್ಬನ್ನು ಜೀವಂತವಾಗಿಡುತ್ತದೆ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಈ ಕ್ಲಬ್ಬಿನಲ್ಲಿ ವಿದ್ಯಾರ್ಥಿಗಳು ಕಲಿಯುವುದೇನು ಎಂದು ಆಡಳಿತ ಮಂಡಳಿಯವರು ಕೇಳಿದರೆ ‘ಆತ್ಮವಿಶ್ವಾಸ’, ‘ನಾಯಕತ್ವ’ ಎಂಬ ಸವೆದ ಮಾತುಗಳನ್ನು ಹೇಳಬೇಡಿ. ರಾಮನಗರದ ಬಂಡೆಯ ಬುಡದಲ್ಲಿ ಬೆಳಗಿನ ಏಳು ಗಂಟೆಗೆ ನಡೆಯುವುದನ್ನು ವರ್ಣಿಸಿ. ಹತ್ತುವವರು, ಕೆಳಗೆ ನಿಂತು ಹಗ್ಗ ಹಿಡಿಯುವವರು ಎದುರುಬದುರು ನಿಲ್ಲುತ್ತಾರೆ. ಹಾರ್ನೆಸ್‌ನ ಬಕಲ್ ಸರಿಯಾಗಿ ಬಿಗಿದಿದೆಯೇ, ಹಗ್ಗವನ್ನು ಹಾರ್ನೆಸ್‌ಗೆ ಕಟ್ಟುವ ಎಂಟರ ಆಕಾರದ ಗಂಟಿನ ಎರಡೂ ಎಳೆಗಳು ಅಕ್ಕಪಕ್ಕದಲ್ಲೇ ಸಾಗಿವೆಯೇ, ತುದಿಯಲ್ಲಿ ಸಾಕಷ್ಟು ಬಾಲ ಉಳಿದಿದೆಯೇ, ಬಿಲೇ ಸಾಧನದೊಳಗೆ ಹಗ್ಗ ಸರಿಯಾದ ದಿಕ್ಕಿನಲ್ಲಿದೆಯೇ, ಕ್ಯಾರಬೀನರ್ ಎಂಬ ಲೋಹದ ಕೊಂಡಿಯ ಸ್ಕ್ರೂ ತಿರುಗಿಸಿ ಮುಚ್ಚಿದೆಯೇ ಎಂದು ಒಬ್ಬರದನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಹಾಸನದ ಹಳ್ಳಿಯಿಂದ ಬಂದು ತರಗತಿಯಲ್ಲಿ ಬಾಯಿ ಬಿಡದ ಮೊದಲ ವರ್ಷದ ಹುಡುಗಿ, ಪ್ಲೇಸ್‌ಮೆಂಟ್ ಆಗಿ ಹೆಸರು ಮಾಡಿದ ಕೊನೆಯ ವರ್ಷದ ಹುಡುಗನನ್ನು ತಡೆದು, ‘ಅಣ್ಣಾ, ಸ್ಕ್ರೂ ತೆರೆದಿದೆ, ಹತ್ತಬೇಡಿ’ ಎನ್ನುತ್ತಾಳೆ. ಅವನು ಮರುಮಾತಿಲ್ಲದೆ ನಿಲ್ಲುತ್ತಾನೆ. ತನಗಿಂತ ದೊಡ್ಡವರ ತಪ್ಪನ್ನು ತಡೆದು ಹೇಳುವ ಧೈರ್ಯ, ಚಿಕ್ಕವರ ಮಾತಿಗೆ ಸಿಟ್ಟಾಗದೆ ನಿಲ್ಲುವ ವಿನಯ, ಇವೆರಡನ್ನೂ ನಾಳೆ ಕಾರ್ಖಾನೆಯಲ್ಲಿ, ಸೇತುವೆ ಕಟ್ಟುವ ಜಾಗದಲ್ಲಿ, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಯಾರೂ ಹೊಸದಾಗಿ ಕಲಿಸುವುದಿಲ್ಲ. ನಾನು ಅನೇಕ ವರ್ಷ ಕಾಲೇಜು ವಿದ್ಯಾರ್ಥಿಗಳಿಗೆ ಶಿಲಾರೋಹಣ ಹೇಳಿಕೊಟ್ಟಿದ್ದೇನೆ. ಪಠ್ಯಕ್ರಮದ ಯಾವ ಭಾಗವೂ ಇದನ್ನು ಇಷ್ಟು ನೇರವಾಗಿ ಕಲಿಸಿದ್ದನ್ನು ನಾನು ನೋಡಿಲ್ಲ.

ವಿದ್ಯಾರ್ಥಿ ಕ್ಲಬ್ಬುಗಳನ್ನು ಬರೀ ಹವ್ಯಾಸವೆಂದು ತಳ್ಳಿಹಾಕುವವರಿಗೆ ಪರ್ವತಾರೋಹಣದ ಚರಿತ್ರೆಯಲ್ಲಿ ಉತ್ತರವಿದೆ. 1924ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪರ್ವತಾರೋಹಣ ಕ್ಲಬ್ ಹುಟ್ಟಿತು. ಹನ್ನೆರಡು ವರ್ಷಗಳ ನಂತರ, ಅದರಲ್ಲಿ ಪಳಗಿದ ನಾಲ್ವರು ಯುವಕರು ನಾಲ್ವರು ಬ್ರಿಟಿಷ್ ಆರೋಹಿಗಳನ್ನು ಜೊತೆಗೂಡಿಸಿಕೊಂಡು ನಮ್ಮ ಹಿಮಾಲಯದ ಗಢವಾಲಕ್ಕೆ ಬಂದರು. ಆ ತಂಡದ ಬಿಲ್ ಟಿಲ್ಮನ್ ಮತ್ತು ನೋಯೆಲ್ ಓಡೆಲ್ 1936ರ ಆಗಸ್ಟ್ 29ರಂದು 7,816 ಮೀಟರ್ ಎತ್ತರದ ನಂದಾದೇವಿಯ ತುದಿ ಮುಟ್ಟಿದರು. 1950ರಲ್ಲಿ ಫ್ರೆಂಚರು ಅನ್ನಪೂರ್ಣಾ ಹತ್ತುವವರೆಗೆ ಮನುಷ್ಯ ಏರಿದ ಅತಿ ಎತ್ತರದ ಶಿಖರ ಅದೇ ಆಗಿತ್ತು. ನಮ್ಮ ದೇಶದ ಕಥೆಯೂ ವಿದ್ಯಾಸಂಸ್ಥೆಯಿಂದಲೇ ಆರಂಭವಾಗುತ್ತದೆ. ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಜಾಕ್ ಗಿಬ್ಸನ್, ಜಾನ್ ಮಾರ್ಟಿನ್, ಹೋಲ್ಡ್ಸ್‌ವರ್ತ್ ಅವರಂಥ ಉಪಾಧ್ಯಾಯರು ಹುಡುಗರನ್ನು ರಜೆಯಲ್ಲಿ ಬೆಟ್ಟಗಳಿಗೆ ಕರೆದೊಯ್ಯುತ್ತಿದ್ದರು. ಅದೇ ಶಾಲೆಯ ಮೇಷ್ಟರಾದ ಗುರುದಯಾಳ್ ಸಿಂಗ್ 1951ರಲ್ಲಿ ತ್ರಿಶೂಲ್ ಶಿಖರ ಏರಿದ್ದನ್ನು ಸ್ವತಂತ್ರ ಭಾರತದ ಪರ್ವತಾರೋಹಣದ ಮೊದಲ ಹೆಜ್ಜೆಯೆಂದು ಎಣಿಸುತ್ತಾರೆ. 1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಶುರುವಾದಾಗ ಅದರ ಮೊದಲ ಪ್ರಾಂಶುಪಾಲರಾದ ನಂದು ಜಯಾಲ್ ಡೂನ್ ಶಾಲೆಯ ಹಳೆಯ ವಿದ್ಯಾರ್ಥಿ. ರಜೆಯಲ್ಲಿ ಮೇಷ್ಟರ ಹಿಂದೆ ಬೆಟ್ಟಕ್ಕೆ ಹೋಗುತ್ತಿದ್ದ ಹುಡುಗ ಮುಂದೆ ದೇಶಕ್ಕೆ ಪರ್ವತಾರೋಹಣ ಕಲಿಸುವ ಸಂಸ್ಥೆಯ ಹೊಣೆ ಹೊತ್ತ.

ಅದು ಸಿರಿವಂತರ ಮಕ್ಕಳ ಶಾಲೆ, ಅದರ ಮಾತು ಬೇರೆ ಎನ್ನುವವರೂ ಇದ್ದಾರೆ. ಆ ಆಕ್ಷೇಪ ನಿಜ, ಅದಕ್ಕಾಗಿಯೇ ಕಾಲೇಜಿನ ಅನುದಾನ ಮುಖ್ಯ. ಒಂದು ಜೊತೆ ಕ್ಲೈಂಬಿಂಗ್ ಶೂ, ಒಂದು ಹಾರ್ನೆಸ್, ಒಂದು ಹೆಲ್ಮೆಟ್ ಸ್ವಂತಕ್ಕೆ ಕೊಳ್ಳಬಲ್ಲ ವಿದ್ಯಾರ್ಥಿಗೆ ನಿಮ್ಮ ಕ್ಲಬ್ ಬೇಕಾಗಿಲ್ಲ. ನಗರದಲ್ಲಿ ಖಾಸಗಿ ಕ್ಲೈಂಬಿಂಗ್ ಜಿಮ್‌ಗಳಿವೆ, ದಿನಕ್ಕೆ ನೂರಾರು ರೂಪಾಯಿ ಕೊಟ್ಟು ಅವನು ಕಲಿಯಬಲ್ಲ. ಹಾಸ್ಟೆಲ್ ಶುಲ್ಕವನ್ನೇ ಕಂತಿನಲ್ಲಿ ಕಟ್ಟುವ ಮನೆಯ ಮಕ್ಕಳಿಗೆ ಬೀರುವಿನಲ್ಲಿರುವ ಆ ಸಾಮೂಹಿಕ ಶೂಗಳೇ ದಾರಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ‘ಗೆಳೆಯರ ಜೊತೆ ಬೆಟ್ಟಕ್ಕೆ ಹೋಗುತ್ತೇನೆ’ ಎಂದರೆ ಬೇಡವೆನ್ನುವ ತಂದೆತಾಯಿ, ಕಾಲೇಜಿನ ಮೊಹರಿರುವ, ಜೊತೆಗೆ ಬರುವ ಅಧ್ಯಾಪಕಿಯ ಹೆಸರಿರುವ ಪತ್ರ ಕಂಡಾಗ ಒಪ್ಪಿಗೆ ಸಹಿ ಹಾಕುತ್ತಾರೆ. ಕಾಲೇಜು ಹಿಂದೆ ಸರಿದರೆ ಮೊದಲು ಮನೆಯಲ್ಲಿ ಉಳಿಯುವವರು ಈ ಹುಡುಗಿಯರೇ.

ಇನ್ನು ಆಡಳಿತ ಮಂಡಳಿಯ ಮೊದಲ ಕಾರಣಕ್ಕೆ ಬರೋಣ. ಅಪಾಯದ ಭಯವನ್ನು ನೀವು ಹಗುರವಾಗಿ ಕಾಣಬಾರದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಸಿಲುಕಿ ಹೈದರಾಬಾದಿನಿಂದ ಪ್ರವಾಸ ಹೋಗಿದ್ದ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. 2022ರ ಅಕ್ಟೋಬರ್‌ನಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದ ಮೇಲೆ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತವಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ಕರ್ನಾಟಕದ ತಂಡದಲ್ಲಿ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಬದುಕಿ ಬರಲಿಲ್ಲ. ಇವೆಲ್ಲವನ್ನೂ ಪತ್ರಿಕೆಯಲ್ಲಿ ಓದಿದ ಪ್ರಾಂಶುಪಾಲರು ರಾತ್ರಿ ನಿದ್ದೆಗೆಡುವುದು ಸಹಜ. ಅವಘಡವಾದರೆ ಪೊಲೀಸರ ಮುಂದೆಯೂ, ಹೆತ್ತವರ ಮುಂದೆಯೂ ನಿಲ್ಲಬೇಕಾದವರು ಅವರು.

ಆದರೆ ಈ ದುರಂತಗಳನ್ನು ಒಂದೊಂದಾಗಿ ನೋಡಿ. ಒಂದರಲ್ಲಿ ನದಿಯ ನೀರು, ಒಂದರಲ್ಲಿ ಹಿಮಕುಸಿತ, ಇನ್ನೊಂದರಲ್ಲಿ ಎತ್ತರದ ಪ್ರದೇಶದ ಹವಾಮಾನ. ನಿಮ್ಮ ಕ್ಲಬ್ ವರ್ಷದ ಬಹುಪಾಲು ಮಾಡುವುದು, ಬೆಂಗಳೂರಿನಿಂದ ಒಂದೂವರೆ ಗಂಟೆ ದೂರದ ಬಂಡೆಯಲ್ಲಿ ಮೇಲಿನ ಆ್ಯಂಕರ್‌ನಿಂದ, ಅಂದರೆ ಬಂಡೆಗೆ ಭದ್ರವಾಗಿ ಕಟ್ಟಿದ ಆಧಾರದಿಂದ, ಹಗ್ಗ ಇಳಿಬಿಟ್ಟು ಹತ್ತುವುದನ್ನು. ಅಲ್ಲಿನ ಅಪಾಯಗಳು ಬೇರೆ: ಸರಿಯಾಗಿ ಕಟ್ಟದ ಆ್ಯಂಕರ್, ಗಮನ ತಪ್ಪಿದ ಬಿಲೇ, ಸವೆದ ಹಗ್ಗ, ಬಿಸಿಲಿಗೆ ಕಾದ ಬಂಡೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಜ್ಜೇನು. ಬಂಡೆಯ ಯಾವ ಚಾಚಿನ ಕೆಳಗೆ ಹೆಜ್ಜೇನು ಕಟ್ಟುತ್ತದೆ, ಯಾವ ತಿಂಗಳಲ್ಲಿ ಆ ಕಡೆ ಸುಳಿಯಬಾರದು ಎಂಬುದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ, ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದವರ ತಲೆಯಲ್ಲಿರುತ್ತದೆ. ಈ ಅಪಾಯಗಳಲ್ಲಿ ಹೆಚ್ಚಿನವು ತರಬೇತಿಯಿಂದ, ಒಳ್ಳೆಯ ಸಲಕರಣೆಯಿಂದ ಕಡಿಮೆಯಾಗುವಂಥವು. ಅಂದರೆ ಹಣ ನಿಲ್ಲಿಸಿದಾಗ ಅಪಾಯ ಹೆಚ್ಚುತ್ತದೆ. ಈ ವಾದವನ್ನು ಆಡಳಿತ ಮಂಡಳಿಯ ಮುಂದೆ ಬಿಡಿಸಿ ಇಡಿ.

ಅನುದಾನ ನಿಂತ ಮಾತ್ರಕ್ಕೆ ವಿದ್ಯಾರ್ಥಿಗಳು ಬೆಟ್ಟಕ್ಕೆ ಹೋಗುವುದನ್ನು ಬಿಡುತ್ತಾರೆಯೇ? ಬಿಡುವುದಿಲ್ಲ. ಶನಿವಾರ ರಾತ್ರಿ ಬೈಕ್ ಹತ್ತಿ, ಬೆಳಗಾಗುವ ಮುಂಚೆ ಸಾವನದುರ್ಗದ ಬುಡದಲ್ಲಿ ಇಳಿದು, ಹಗ್ಗವೂ ಹಿರಿಯರೂ ಇಲ್ಲದೆ ನುಣುಪು ಬಂಡೆಯ ಮೇಲೆ ದಾರಿ ಹುಡುಕುತ್ತಾರೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1920ರಿಂದ ನಡೆದು ಬಂದಿದ್ದ ಔಟಿಂಗ್ ಕ್ಲಬ್‌ಗೆ 2018ರಲ್ಲಿ, ವಿದ್ಯಾರ್ಥಿಗಳೇ ಮುನ್ನಡೆಸುವ ಪ್ರವಾಸಗಳನ್ನು ಇನ್ನು ಏರ್ಪಡಿಸುವಂತಿಲ್ಲ ಎಂದು ವಿಶ್ವವಿದ್ಯಾಲಯ ತಿಳಿಸಿತು. ಹೋಗುವ ಜಾಗಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿರುವುದೂ ಆಗ ಅಪಾಯದ ಪಟ್ಟಿಯಲ್ಲಿತ್ತು. ಗುಹೆ ಹೊಕ್ಕುವವರ ಮತ್ತು ಸ್ಕೂಬಾ ಡೈವಿಂಗ್ ಮಾಡುವವರ ಕ್ಲಬ್ಬುಗಳಿಗೂ ಅದೇ ಗತಿಯಾಯಿತು. ಆ ಗುಹೆಗಳೂ ಬೆಟ್ಟಗಳೂ ಎಲ್ಲಿಗೂ ಹೋಗಲಿಲ್ಲ. ತೊಂಬತ್ತೆಂಟು ವರ್ಷ ಕೂಡಿಟ್ಟ ಅನುಭವವನ್ನು ಪಕ್ಕಕ್ಕಿಟ್ಟು ವಿದ್ಯಾರ್ಥಿಗಳನ್ನು ಒಂಟಿಯಾಗಿ ಕಳುಹಿಸುವುದರಿಂದ ಯಾರ ಸುರಕ್ಷತೆ ಹೆಚ್ಚಿತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಅಪಾಯವನ್ನು ನಿಭಾಯಿಸುವ ವ್ಯವಸ್ಥೆಯನ್ನು ನೀವೇ ಮುಂದಾಗಿ ಕಾಗದದ ಮೇಲೆ ತೋರಿಸಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2015ರಲ್ಲಿ ಕ್ಯಾಂಪಸ್ಸಿನ ಒಳಗೂ ಹೊರಗೂ ವಿದ್ಯಾರ್ಥಿಗಳ ಸುರಕ್ಷತೆಗೆಂದು ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿಯನ್ನು ಜೊತೆಗಿಟ್ಟು, ಪೋಷಕರ ಒಪ್ಪಿಗೆ, ವೈದ್ಯಕೀಯ ಮಾಹಿತಿ, ಗುಂಪು ವಿಮೆ, ಹತ್ತಿರದ ಆಸ್ಪತ್ರೆಯ ವಿವರ, ತಂಡದ ಹೊಣೆ ಹೊತ್ತವರ ತರಬೇತಿ ಪ್ರಮಾಣಪತ್ರ ಇವಿಷ್ಟನ್ನೂ ಪ್ರತಿ ಪ್ರವಾಸಕ್ಕೆ ಸಲ್ಲಿಸುತ್ತೇವೆ ಎಂದು ಬರೆದುಕೊಡಿ. ವಿಮೆ ಮಾಡಿಸುವಾಗ ಒಂದು ಎಚ್ಚರಿಕೆ: ಅನೇಕ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ. ಶಿಲಾರೋಹಣಕ್ಕೆ ರಕ್ಷಣೆ ಇದೆಯೆಂದು ವಿಮಾ ಕಂಪನಿಯಿಂದ ಲಿಖಿತವಾಗಿ ಪಡೆಯದ ಹೊರತು ಕಂತು ಕಟ್ಟಬೇಡಿ.

ಹಗ್ಗದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಪೂರ್ತಿ ನಿಂತ ಅನುದಾನಕ್ಕಿಂತ ಅರ್ಧ ಕಡಿತವಾದ ಅನುದಾನ ನನ್ನನ್ನು ಹೆಚ್ಚು ಹೆದರಿಸುತ್ತದೆ. ಹಣ ಅರ್ಧವಾದಾಗ ಕ್ಲಬ್ ಬಸ್ಸು ಬಿಡುವುದಿಲ್ಲ, ಊಟ ಬಿಡುವುದಿಲ್ಲ. ‘ಹಗ್ಗ ಇನ್ನೊಂದು ವರ್ಷ ಬರುತ್ತದೆ’ ಎಂದುಕೊಳ್ಳುತ್ತದೆ. ಬೀಳುವಾಗಿನ ಹೊಡೆತವನ್ನು ಹಿಗ್ಗಿ ತಾಳುವ ಡೈನಾಮಿಕ್ ಹಗ್ಗ ನೈಲಾನಿನದು. ಉಪಯೋಗಿಸದೆ ಇಟ್ಟರೂ ತಯಾರಾದ ಹತ್ತು ವರ್ಷಗಳ ಮೇಲೆ ಅದನ್ನು ಬಳಸಬೇಡಿ ಎಂದು ತಯಾರಕರು ಹೇಳುತ್ತಾರೆ. ತಿಂಗಳಿಗೆ ಕೆಲವು ಸಲ ಬಳಸುವ ಹಗ್ಗದ ಆಯುಷ್ಯವನ್ನು ಸಾಮಾನ್ಯವಾಗಿ ಮೂರು ವರ್ಷದೊಳಗೆ ಎಣಿಸುತ್ತಾರೆ. ರಾಮನಗರದ ಒರಟು ಗ್ರಾನೈಟಿನ ಮೇಲೆ ಉಜ್ಜಿದ ಹಗ್ಗ ಅದಕ್ಕೂ ಮುಂಚೆ ಕೈಕೊಡಬಹುದು. ಹಗ್ಗವನ್ನು ಬೆರಳುಗಳ ನಡುವೆ ಮೊಳಮೊಳವಾಗಿ ಹಾಯಿಸಿದಾಗ ಒಳಗೆ ಮೆದುವಾದ, ಪೊಳ್ಳೆನಿಸುವ ಜಾಗ ಸಿಕ್ಕರೆ, ಅಥವಾ ಹೊರಪದರ ಹರಿದು ಬಿಳಿ ತಿರುಳು ಕಂಡರೆ, ಆ ಹಗ್ಗದ ಕೆಲಸ ಮುಗಿಯಿತು. ಅರವತ್ತು ಮೀಟರಿನ ಹೊಸ ಹಗ್ಗಕ್ಕೆ ಹತ್ತು ಸಾವಿರ ರೂಪಾಯಿಗೂ ಹೆಚ್ಚು ಬೇಕಾಗುವುದರಿಂದ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಳ್ಳಲು ಹಿಂಜರಿಯುತ್ತಾರೆ, ಹಳೆಯದನ್ನೇ ಎಳೆಯುತ್ತಾರೆ. ಪ್ರತಿ ಹಗ್ಗಕ್ಕೂ ಒಂದು ದಾಸ್ತಾನು ಪುಟ ತೆರೆದು ತಯಾರಾದ ವರ್ಷ, ಬಳಸಿದ ದಿನಗಳು, ದೊಡ್ಡ ಬೀಳುವಿಕೆ, ಕೈಬಿಡುವ ವರ್ಷ ಇಷ್ಟನ್ನು ಬರೆದಿಡಿ. ಆ ಪುಟದ ನಕಲನ್ನು ಮನವಿ ಪತ್ರಕ್ಕೆ ಲಗತ್ತಿಸಿ. ಲೆಕ್ಕ ನೋಡುವವರಿಗೆ ಉತ್ಸಾಹದ ಮಾತಿಗಿಂತ ಈ ಪುಟ ಬೇಗ ಅರ್ಥವಾಗುತ್ತದೆ.

ಪದಕದ ಪ್ರಶ್ನೆ ಅಷ್ಟು ಕಷ್ಟದ್ದಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಕ್ರೀಡಾ ಪ್ರಶಸ್ತಿಗಳನ್ನು ಎಣಿಸುವುದರಿಂದ ಕಾಲೇಜುಗಳು ಪದಕ ತರುವ ಆಟಗಳ ಕಡೆ ವಾಲುತ್ತವೆ. ಆದರೆ ಸ್ಪೋರ್ಟ್ ಕ್ಲೈಂಬಿಂಗ್ 2018ರಿಂದ ಏಷ್ಯನ್ ಕ್ರೀಡಾಕೂಟದಲ್ಲಿದೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ಕ್ರೀಡೆಯೂ ಆಗಿದೆ. ದೇಶದಲ್ಲಿ ಇಂಡಿಯನ್ ಮೌಂಟೆನಿಯರಿಂಗ್ ಫೌಂಡೇಶನ್ ಇದರ ಸ್ಪರ್ಧೆಗಳನ್ನು ನಡೆಸುತ್ತದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕ್ಲೈಂಬಿಂಗ್ ಗೋಡೆಯಿದೆ. ನಿಮ್ಮಲ್ಲಿ ಇಬ್ಬರು ಮೂವರು ವಾರದ ದಿನಗಳಲ್ಲಿ ಅಲ್ಲಿ ಅಭ್ಯಾಸ ಮಾಡಿ ಸ್ಪರ್ಧೆಗಿಳಿದರೆ ಆಡಳಿತ ಮಂಡಳಿಯ ಬಾಯಿ ಮುಚ್ಚಿಸಲು ಅಷ್ಟೇ ಸಾಕು. ಇಡೀ ಕ್ಲಬ್ಬನ್ನು ಪದಕದ ಹಿಂದೆ ಓಡಿಸಬೇಡಿ; ಪದಕ ತರಲಾಗದವರಿಗೂ ಕಲಿಸುವುದು ಕ್ಲಬ್ಬಿನ ಕೆಲಸ.

‘ಕೆಲವೇ ಮಕ್ಕಳಿಗೆ’ ಎಂಬ ಆಕ್ಷೇಪಕ್ಕೆ ಲೆಕ್ಕದಿಂದಲೇ ಉತ್ತರಿಸಿ. ಕ್ರಿಕೆಟ್ ತಂಡದಲ್ಲೂ ಹದಿನೈದು ಹದಿನಾರು ಮಂದಿಯೇ ಇರುವುದು. ನಿಮ್ಮ ಕ್ಲಬ್ ವರ್ಷಕ್ಕೆರಡು ಬಾರಿ ಎಲ್ಲ ವಿಭಾಗದವರಿಗೂ ಒಂದು ದಿನದ ಪರಿಚಯ ಶಿಬಿರ ನಡೆಸಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ವಿದ್ಯಾರ್ಥಿಗಳು ಕಡ್ಡಾಯವಾಗಿ ಆರಿಸಿಕೊಳ್ಳಬೇಕಿದೆ. ನಿಮ್ಮದು ಆ ವಿಶ್ವವಿದ್ಯಾಲಯದ ಕಾಲೇಜಾದರೆ, ದೈಹಿಕ ಶಿಕ್ಷಣ ನಿರ್ದೇಶಕರ ಜೊತೆ ಕೂತು ಕ್ಲಬ್ಬಿನ ಅಭ್ಯಾಸವನ್ನು ಅದರೊಳಗೆ ಹೇಗೆ ತರಬಹುದೆಂದು ವಿಚಾರಿಸಿ. ಅವರ ಬೆಂಬಲವಿಲ್ಲದೆ ಯಾವ ಕಾಲೇಜಿನಲ್ಲೂ ಕ್ರೀಡಾ ಶುಲ್ಕದ ಒಂದು ರೂಪಾಯಿಯೂ ಅಲ್ಲಾಡುವುದಿಲ್ಲ.

ಹೊರಗಿನ ಹಣಕ್ಕೆ ದಾರಿಗಳಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯದ್ದೇ ಸಂಸ್ಥೆ. ತರಬೇತಿಗೆ ಮೊದಲು ಅಲ್ಲಿ ಅರ್ಜಿ ಹಾಕಿ. ಕೇಂದ್ರ ಯುವಜನ ಇಲಾಖೆಯ ಯುವಜನ ಮತ್ತು ಹದಿಹರೆಯದವರ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಹಸ ಚಟುವಟಿಕೆಗೆ ನೆರವು ನೀಡುವ ಭಾಗವಿದೆ. 2013ರ ಕಂಪನಿ ಕಾಯ್ದೆಯ ಏಳನೆಯ ಪರಿಶಿಷ್ಟದಲ್ಲಿ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಖರ್ಚು ಮಾಡಬಹುದಾದ ವಿಷಯಗಳ ನಡುವೆ ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಸೇರಿದೆ. ಕ್ಲೈಂಬಿಂಗ್ ಒಲಿಂಪಿಕ್ ಕ್ರೀಡೆಯಾದ ಮೇಲೆ ಈ ಬಾಗಿಲು ನಿಮಗೂ ತೆರೆದಿದೆ. ಕಂಪನಿಗಳು ವಿದ್ಯಾರ್ಥಿ ಕ್ಲಬ್ಬಿಗೆ ನೇರವಾಗಿ ಕೊಡಲಾರವು. ಸಿಎಸ್‌ಆರ್ ನೋಂದಣಿ ಇರುವ ಟ್ರಸ್ಟ್ ಅಥವಾ ಸೊಸೈಟಿಯ ಮೂಲಕ ಹಣ ಬರಬೇಕು, ನಿಮ್ಮ ಕಾಲೇಜಿನ ಟ್ರಸ್ಟಿಗೆ ಆ ನೋಂದಣಿ ಇದೆಯೇ ಎಂದು ಲೆಕ್ಕಪತ್ರ ವಿಭಾಗದಲ್ಲಿ ಕೇಳಿ.

ಇವೆಲ್ಲ ಒಂದು ವರ್ಷ ಬಂದು ಇನ್ನೊಂದು ವರ್ಷ ಬರದಿರಬಹುದಾದ ಹಣ. ನಿಜವಾದ ಆಧಾರ ಹಳೆಯ ವಿದ್ಯಾರ್ಥಿಗಳ ಮೂಲನಿಧಿ. 1953ರ ಎವರೆಸ್ಟ್ ಯಾತ್ರೆಯ ನಂತರ, ಉಳಿದ ಹಣದಿಂದಲೂ ಪುಸ್ತಕ, ಉಪನ್ಯಾಸಗಳ ಗಳಿಕೆಯಿಂದಲೂ ಬ್ರಿಟಿಷರು ಮೌಂಟ್ ಎವರೆಸ್ಟ್ ಫೌಂಡೇಶನ್ ಕಟ್ಟಿದರು. ಅದು ಇಂದಿಗೂ ಯುವ ಆರೋಹಿಗಳ ಯಾತ್ರೆಗಳಿಗೆ ನೆರವಾಗುತ್ತಿದೆ. ನಿಮ್ಮ ಕ್ಲಬ್ಬಿನಿಂದ ಹೊರಬಂದು ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿಯೋ ವಿದೇಶದಲ್ಲಿಯೋ ದುಡಿಯುತ್ತಿರುವವರ ಹೆಸರುಗಳ ಪಟ್ಟಿ ಮಾಡಿ. ಅವರು ಕೊಟ್ಟದ್ದನ್ನು ಖರ್ಚು ಮಾಡದೆ ಕಾಲೇಜಿನ ಹಳೆಯ ವಿದ್ಯಾರ್ಥಿ ಸಂಘದ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಿಸಿ, ಬಡ್ಡಿಯನ್ನು ಎರಡೇ ಕೆಲಸಕ್ಕೆ ಮೀಸಲಿಡಿ: ಹಗ್ಗ ಬದಲಿಸುವುದು, ಮತ್ತು ಪ್ರತಿ ವರ್ಷ ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಯನ್ನು ಡಾರ್ಜಿಲಿಂಗ್ ಇಲ್ಲವೆ ಉತ್ತರಕಾಶಿಯ ನಾಲ್ಕು ವಾರಗಳ ಬೇಸಿಕ್ ಕೋರ್ಸಿಗೆ ಕಳುಹಿಸುವುದು. ಎರಡನೆಯ ವರ್ಷದವರನ್ನೇ ಆರಿಸಲು ಕಾರಣವಿದೆ. ಕೋರ್ಸು ಮುಗಿಸಿ ಬಂದ ಮೇಲೂ ಅವರು ಎರಡು ವರ್ಷ ಕಾಲೇಜಿನಲ್ಲಿರುತ್ತಾರೆ, ಕಲಿತದ್ದನ್ನು ಕಲಿಸುತ್ತಾರೆ. ಕೊನೆಯ ವರ್ಷದವರನ್ನು ಕಳುಹಿಸಿದರೆ ಆ ವಿದ್ಯೆ ಪದವಿ ಪ್ರಮಾಣಪತ್ರದ ಜೊತೆ ಹೊರಟುಹೋಗುತ್ತದೆ.

ಕೊನೆಯದಾಗಿ ಕಂಪನಿಯ ಪ್ರಸ್ತಾವ. ಒಳ್ಳೆಯ ತರಬೇತುದಾರರಿರುವ ಕಂಪನಿಗಳು ಇಲ್ಲದಿಲ್ಲ, ಅವರ ಸೇವೆಯನ್ನು ಹಣ ಕೊಟ್ಟು ಪಡೆಯುವುದರಲ್ಲಿ ತಪ್ಪೂ ಇಲ್ಲ. ಆದರೆ ಕ್ಲಬ್ಬನ್ನು ಅವರ ಕೈಗೆ ಒಪ್ಪಿಸಬೇಡಿ. ಅವರ ಪ್ರವಾಸಕ್ಕೆ ಹೋದ ವಿದ್ಯಾರ್ಥಿ ಹಗ್ಗ ಕಟ್ಟುವುದಿಲ್ಲ, ಬಿಲೇ ಹಿಡಿಯುವುದಿಲ್ಲ. ಕಟ್ಟಿಸಿಕೊಂಡು ಹತ್ತಿ, ಫೋಟೊ ತೆಗೆಸಿಕೊಂಡು ಬರುತ್ತಾನೆ. ಮೂರು ವರ್ಷ ಹೀಗೆ ನಡೆದರೆ ನಿಮ್ಮಲ್ಲಿ ಕಲಿಸಬಲ್ಲವರು ಇರುವುದಿಲ್ಲ, ಆಮೇಲೆ ಕಂಪನಿ ಶುಲ್ಕ ಕೇಳಿದರೆ ಬೇಡವೆನ್ನುವ ಶಕ್ತಿಯೂ ಇರುವುದಿಲ್ಲ. ಅವರ ಬಳಿ ಹೀಗೆ ಹೇಳಿ: ವರ್ಷಕ್ಕೆರಡು ದಿನ ನಿಮ್ಮ ಹಿರಿಯ ತರಬೇತುದಾರರನ್ನು ಕಳುಹಿಸಿ, ನಮ್ಮ ಆ್ಯಂಕರ್ ಮತ್ತು ಬಿಲೇ ಪದ್ಧತಿಯನ್ನು ಪರಿಶೀಲಿಸಿ ವರದಿ ಬರೆದುಕೊಡಿ, ಅದಕ್ಕೆ ಗೌರವಧನ ಕೊಡುತ್ತೇವೆ. ಒಪ್ಪಿದರೆ ಆ ವರದಿಯನ್ನು ಹಗ್ಗದ ದಾಸ್ತಾನು ಪುಟದ ಜೊತೆಗಿಟ್ಟು, ಮುಂದಿನ ಶೈಕ್ಷಣಿಕ ವರ್ಷದ ಕ್ರೀಡಾ ಬಜೆಟ್ ತಯಾರಾಗುವ ಮೊದಲೇ, ದೈಹಿಕ ಶಿಕ್ಷಣ ನಿರ್ದೇಶಕರ ಸಹಿಯೊಂದಿಗೆ ಪ್ರಾಂಶುಪಾಲರಿಗೆ ಸಲ್ಲಿಸಿ, ಸ್ವೀಕೃತಿಯ ಮೊಹರು ಪಡೆದುಕೊಳ್ಳಿ.